ಸ್ಕ್ರಬ್ ಟೈಫಸ್‌ಗೆ ಮೈಕ್ರೋಸ್ಕೋಪ್ ಟೆಸ್ಟ್ ಎಷ್ಟು ನಂಬಬಹುದು?

ಕಾರ್ಕಳದಲ್ಲಿರುವ ಮಾವನಿಗೆ ಎಂಟು ದಿನದಿಂದ ಜ್ವರ, ಮಲೇರಿಯಾ ಸ್ಲೈಡ್ ನೆಗೆಟಿವ್, ಡಾಕ್ಟರಿಗೆ ಸ್ಕ್ರಬ್ ಟೈಫಸ್ (ಸಣ್ಣ ಹುಳು ಕಚ್ಚಿ ಬರುವ ಬ್ಯಾಕ್ಟೀರಿಯಾ ಜ್ವರ) ಅನುಮಾನ. ಮೈಕ್ರೋಸ್ಕೋಪಲ್ಲಿ ನೋಡಿದರೆ ಖಚಿತ ಆಗಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಮಂಗಳೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವನು.

ನಮ್ಮೂರಲ್ಲಿ ಮೈಕ್ರೋಸ್ಕೋಪ್ ಅಂದರೆ ಎಲ್ಲರಿಗೂ ಮಲೇರಿಯಾವೇ ನೆನಪು. ಅದು ರಕ್ತಕಣದೊಳಗೆ ಪುಟ್ಟ ಉಂಗುರದ ಹಾಗೆ ಕೂತಿರುತ್ತದೆ, ಕಣ್ಣಿಗೆ ಕಾಣುತ್ತದೆ. ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾ ಅಡಗುವುದು ಹೆಚ್ಚಾಗಿ ರಕ್ತನಾಳದ ಒಳಗೋಡೆಯಲ್ಲಿ. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಅದನ್ನು ಹುಡುಕುವುದು ಸುಮ್ನೆ.

ಇದಕ್ಕಿರುವ ಮೈಕ್ರೋಸ್ಕೋಪ್ ಟೆಸ್ಟ್ ಐಎಫ್‌ಎ. ಅದರಲ್ಲಿ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ಮಾವನ ದೇಹ ತಯಾರಿಸಿ ರಕ್ತದಲ್ಲಿ ಬಿಟ್ಟ ಆ್ಯಂಟಿಬಾಡಿಯನ್ನು. ಸ್ಲೈಡಿಗೆ ಬ್ಯಾಕ್ಟೀರಿಯಾ ಮೊದಲೇ ಅಂಟಿಸಿರುತ್ತಾರೆ. ಮೇಲೆ ಮಾವನ ಸೀರಮ್ (ರಕ್ತದ ತಿಳಿ ಭಾಗ) ಹಾಕಿ, ತೊಳೆದು, ಹೊಳೆಯುವ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ನೋಡಬೇಕು. ಪಾಸಿಟಿವ್ ಇದ್ದರೆ ಹಸಿರು ಚುಕ್ಕಿಗಳು ಮಿನುಗುತ್ತವೆ. ಸೀರಮ್ ತೆಳು ಮಾಡುತ್ತಾ ಹೋದ ಹಾಗೆ ಹೊಳಪು ಮಾಸುತ್ತದೆ. ಎಲ್ಲಿಗೆ ಮುಗಿಯಿತು ಅನ್ನುವುದು ನೋಡುವವನ ಕಣ್ಣಿನ ಲೆಕ್ಕ. ನಾನು "ಇದೆ" ಅಂದದ್ದಕ್ಕೆ ಸೀನಿಯರ್ "ಎಂಥದ್ದೂ ಇಲ್ಲ ಮಾರಾಯ" ಅಂದದ್ದುಂಟು. ಆದರೂ ಇದನ್ನೇ ಗೋಲ್ಡ್ ಸ್ಟ್ಯಾಂಡರ್ಡ್, ಅಂದರೆ ಉಳಿದ ಟೆಸ್ಟ್‌ಗಳನ್ನು ಅಳೆಯುವ ಮಾನದಂಡ ಅಂತಾರೆ!

ಮೊದಲ ವಾರ ಆ್ಯಂಟಿಬಾಡಿ ಸಾಕಷ್ಟು ಇರುವುದಿಲ್ಲ, ನೆಗೆಟಿವ್ ಬರಬಹುದು. ಹಳೇ ಸೋಂಕಿನ ಆ್ಯಂಟಿಬಾಡಿ ಉಳಿದಿದ್ದರೆ ಈಗಿನ ಜ್ವರ ಬೇರೆಯಾದರೂ ಪಾಸಿಟಿವ್. ಹಾಗಾಗಿ ಸುಮಾರು ಎರಡು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು, ಪ್ರಮಾಣ ನಾಲ್ಕು ಪಟ್ಟು ಏರಿದೆಯಾ ನೋಡಬೇಕು. ಅಷ್ಟರಲ್ಲಿ ಜ್ವರದ ಕಥೆ ಹೇಗೂ ಮುಗಿದಿರುತ್ತದೆ. ಅದಕ್ಕೇ ಐಜಿಎಂ ಎಲೈಸಾ (ಸೋಂಕಿನ ಶುರುವಿನಲ್ಲಿ ಬರುವ ಆ್ಯಂಟಿಬಾಡಿ ಹುಡುಕುವ ರಕ್ತ ಪರೀಕ್ಷೆ) ಜಾಸ್ತಿ ಮಾಡಿಸುವುದು. 1916ರ ವೀಲ್-ಫೆಲಿಕ್ಸ್ ಅನ್ನುವ ಹಳೇ ಆ್ಯಂಟಿಬಾಡಿ ಟೆಸ್ಟ್ ಅಗ್ಗ, ಆದರೆ ಎಷ್ಟೋ ಕೇಸ್ ತಪ್ಪಿಸಿಕೊಳ್ಳುತ್ತವೆ. ವಿಡಾಲ್ ಬೇರೆ, ಅದು ಟೈಫಾಯ್ಡಿಗೆ.

ಒಂದು ಕೆಲಸ ಇವತ್ತೇ ಮಾಡಿ. ಮಾವನ ಕಂಕುಳು, ತೊಡೆಸಂದು, ಸೊಂಟ ನೋಡಿ. ಮರಿ ಉಣ್ಣಿಯಂಥ ಸಣ್ಣ ಹುಳು ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರಬಹುದು. ನೋವಿರುವುದಿಲ್ಲ, ಗೊತ್ತೇ ಆಗುವುದಿಲ್ಲ. ಎಲ್ಲರಲ್ಲೂ ಇರುವುದೂ ಇಲ್ಲ. ನಮ್ಮಲ್ಲಿಗೆ ಬಂದ ಒಬ್ಬರಿಗೆ ಉಡಿದಾರದ ಅಡಿಯಲ್ಲಿತ್ತು. ಸಿಕ್ಕರೆ ಡಾಕ್ಟರಿಗೆ ತೋರಿಸಿ, ಆ ಹಕ್ಕಳೆಯಿಂದಲೇ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಟೆಸ್ಟ್) ಮಾಡಬಹುದು. ಇದಕ್ಕೆ ಕೊಡುವ ಆ್ಯಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರು ಮಾಡಿದ್ದಾರಾ ಅಂತಲೂ ಕೇಳಿ. ಅನುಮಾನ ಬಲವಾಗಿದ್ದರೆ ಅವರು ರಿಪೋರ್ಟಿಗೆ ಕಾಯುವುದಿಲ್ಲ.