ಡಯಲ್ ಮೇಲಿನ ನೀಲಿ-ನೇರಳೆ ಹೊಳಪು: ಒರೆಸಬಹುದೇ?

ಪ್ರಶ್ನೆ: ಅಪ್ಪನ ಹಳೆಯ ಎಚ್‌ಎಂಟಿ ವಾಚಿನ ಬೆಳ್ಳಿಬಣ್ಣದ ಡಯಲ್ ಅಂಚಿನಲ್ಲಿ ಹಳದಿ, ಅದರಾಚೆ ನೀಲಿ-ನೇರಳೆ ಹೊಳಪು ಬಂದಿದೆ. ವಾಚು ಚೆನ್ನಾಗಿ ಓಡುತ್ತಿದೆ. ಇದು ತುಕ್ಕೇ? ನಿಂಬೆರಸದಲ್ಲಿ ಒರೆಸಿದರೆ ಹೋಗುತ್ತದಂತೆ, ಹೌದೇ?
– ಓದುಗರು, ಮಂಗಳೂರು

ಉತ್ತರ: ನಿಂಬೆರಸದ ಹತ್ತಿರವೂ ಸುಳಿಯಬೇಡಿ. ಇಂಥ ಡಯಲ್‌ಗಳು ಸಾಮಾನ್ಯವಾಗಿ ಹಿತ್ತಾಳೆಯ ತೆಳು ಬಿಲ್ಲೆಗಳು. ಅದರ ಮೇಲೆ ಬೆಳ್ಳಿ ಅಥವಾ ನಿಕ್ಕಲ್ ಲೇಪ, ಮೇಲೊಂದು ಪಾರದರ್ಶಕ ಲ್ಯಾಕರ್. ಅಕ್ಷರಗಳು ಬಹಳ ಸಲ ಲ್ಯಾಕರ್ ಮೇಲೇ ಅಚ್ಚಾಗಿರುತ್ತವೆ. ಹುಳಿ, ಸ್ಪಿರಿಟ್, ಟೂತ್‌ಪೇಸ್ಟ್ ಯಾವುದೇ ತಗುಲಿದರೂ ಕಲೆಗಿಂತ ಮೊದಲು ಹೆಸರೇ ಅಳಿಸಿಹೋದೀತು.

ಅದು ತುಕ್ಕಲ್ಲ, ತುಕ್ಕು ಕಬ್ಬಿಣಕ್ಕೆ ಹಿಡಿಯುವಂಥದ್ದು. ಲೇಪ ಬೆಳ್ಳಿಯದಾದರೆ ಗಾಳಿಯಲ್ಲಿನ ಗಂಧಕದ ಅಂಶ ಸೇರಿ ಬೆಳ್ಳಿಯ ಸಲ್ಫೈಡಿನ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಹಳದಿ, ಕಂದು, ನೇರಳೆ-ನೀಲಿ ಎಂದು ಸಾಗಿ ಕೊನೆಗೆ ಬೂದುಗಪ್ಪಾಗುತ್ತದೆ. ಕೀಲಿಯ ಸಂದು, ಗಾಜಿನ ಅಂಚಿನಿಂದ ತೇವ ನುಸುಳುವುದರಿಂದ ಅಂಚಿಗೇ ಮೊದಲ ಪೆಟ್ಟು. ಕರಾವಳಿಯಲ್ಲಿ ಇದು ಬೇಗ.

ಒಂದೇ ಬಲ್ಬಿನ ಕೆಳಗೆ, 10 ಪಟ್ಟು ದೊಡ್ಡದಾಗಿ ತೋರುವ ಲೂಪಿನಲ್ಲಿ ವಾಚನ್ನು ಓರೆ ಮಾಡಿ ನೋಡಿ. ಕೂದಲೆಳೆಯಂಥ ಬಿರುಕುಗಳು ಅಥವಾ ಗುಳ್ಳೆ ಕಂಡರೆ ಲ್ಯಾಕರ್ ಏಳುತ್ತಿದೆ. ಅಲ್ಲಿಗೆ ಗಾಳಿ ಊದುವುದೂ ಬೇಡ. ಹಸಿರು ಪುಡಿ ಇದ್ದರೆ ಲೇಪ ಹರಿದು ಹಿತ್ತಾಳೆ ಕೊಳೆಯುತ್ತಿದೆ ಎಂದರ್ಥ.

ರಿಪೇರಿಯವರಿಗೆ ಹೇಳಬೇಕಾದ್ದು ಇಷ್ಟೇ: ತೇವ ತಡೆಯುವ ಹಳೆ ಗ್ಯಾಸ್ಕೆಟ್ (ರಬ್ಬರ್ ಉಂಗುರ) ಜಿಗುಟಾಗಿದ್ದರೆ ತೆಗೆದು ಹೊಸದು ಹಾಕಿ, ಡಯಲ್ ಮುಟ್ಟಬೇಡಿ. ಮುಳ್ಳು ತೆಗೆಯಲೇಬೇಕಾದರೆ ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಲಿ. ಮನೆಯಲ್ಲಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ, ಆದರೆ ರಬ್ಬರ್‌ಬ್ಯಾಂಡ್ ಸುತ್ತಬೇಡಿ, ಅದರಲ್ಲೇ ಗಂಧಕವಿದೆ. ಹೊಸದಾಗಿ ಬಣ್ಣ ಹಚ್ಚಿಸುವ ಆಸೆಯೂ ಬೇಡ. ರೀಡಯಲ್ ಆದ ವಾಚಿಗೆ ಸಂಗ್ರಾಹಕರು ಕೊಡುವ ಬೆಲೆ ಕಡಿಮೆ, ಅದು ನ್ಯಾಯವೂ ಹೌದು.

ಪ್ರಶ್ನೆ: ಕಲೆ ಬಿದ್ದ ಡಯಲ್ಲನ್ನು 'ಟ್ರಾಪಿಕಲ್' ಎಂದು ಹೆಚ್ಚು ಬೆಲೆಗೆ ಮಾರುತ್ತಿದ್ದಾರೆ. ನಂಬಬಹುದೇ?
– ಓದುಗರು, ತುಮಕೂರು

ಉತ್ತರ: ಕಪ್ಪು ಡಯಲ್ ಬಿಸಿಲಿಗೆ ಮಾಸಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಹದದ ಕಂದಾದರೆ ಅದು ಟ್ರಾಪಿಕಲ್. ತೇವದ ಕಲೆ ಚುಕ್ಕೆಚುಕ್ಕೆಯಾಗಿ, ಸೆಲೆಯ ದಾರಿ ತೋರಿಸುತ್ತಾ ಇರುತ್ತದೆ. ಕೇಸಿನ ಅಂಚಿನಡಿ ಮುಚ್ಚಿಕೊಂಡಿದ್ದ ಭಾಗ ಇನ್ನೂ ಕಪ್ಪಾಗಿದ್ದರೆ ಮಾಸಿದ್ದು ಬೆಳಕಿಗೆ. ಅದನ್ನು ತೋರಿಸಲು ಒಪ್ಪದ ಮಾರಾಟಗಾರನಿಗೆ ಹೆಚ್ಚು ಬೆಲೆ ಕೊಡಬೇಡಿ.

ಪ್ರಶ್ನೆ: 1950ರ ದಶಕದ ಸ್ವಿಸ್ ವಾಚಿನಲ್ಲಿ ಮುಳ್ಳಿನ ಆಕಾರದ್ದೇ ಕಂದು ನೆರಳು ಡಯಲ್ ಮೇಲಿದೆ. ಕತ್ತಲಲ್ಲಿ ಹೊಳೆಯುವುದಿಲ್ಲ.
– ಓದುಗರು, ಧಾರವಾಡ

ಉತ್ತರ: ಬಹಳ ಕಾಲ ನಿಂತೇ ಇದ್ದ ವಾಚಿನಲ್ಲಿ ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೆ ಬಳಿದ ವಿಕಿರಣಶೀಲ ರೇಡಿಯಂ ಡಯಲ್ಲನ್ನು ಸುಟ್ಟ ಗುರುತು ಅದು. ಹೊಳಪು ನಿಂತಿತೆಂದು ರೇಡಿಯಂ ಮುಗಿದಿಲ್ಲ. ಅದರ ಅರ್ಧಾಯು, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷ; ಸತ್ತದ್ದು ಅದರೊಂದಿಗೆ ಬೆರೆಸಿದ, ಬೆಳಕು ಚೆಲ್ಲುವ ಸತುವಿನ ಸಲ್ಫೈಡ್. ಗಾಜು ತೆಗೆಯಬೇಡಿ, ಉದುರಿದ ಪುಡಿ ಉಸಿರಿನೊಳಗೆ ಹೋಗಬಾರದು. ಮಲಗುವ ಕೋಣೆಯ ಬೀರು ಬಿಟ್ಟು ಗಾಳಿಯಾಡುವ ಕಡೆ ಇಡಿ.