ಅಪ್ಪೆಮಿಡಿ ಯಾಕೆ ಬಿಟ್ಟ ಅಂತ ಕೇಳಿ

ಪತ್ರ: ಮಂಡಗದ್ದೆ ಹತ್ರದ ಹಳ್ಳಿಯವಳು ನಾನು. ಮಗನಿಗೆ 16, ಫಸ್ಟ್ ಪಿಯುಸಿ, ಬೆಳಗ್ಗೆ 7ರ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗ್ತಾನೆ. ರಾತ್ರಿ 1ರವರೆಗೂ ಮೊಬೈಲು, ಬೆಳಗ್ಗೆ ತಿಂಡಿ ಬೇಡ. ಮೊನ್ನೆ ಬಟ್ಟೆ ಒಗೆಯೋವಾಗ ಪ್ಯಾಂಟ್ ಜೇಬಲ್ಲಿ ಎರಡು ಖಾಲಿ ಸ್ಯಾಚೆ ಸಿಕ್ತು. ಇತ್ತೀಚೆಗೆ ಸಾರು ಖಾರ ಅಂತಾನೆ, ಪ್ರಾಣ ಬಿಡ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಮುಟ್ಟಲ್ಲ, ಬರೀ ಮೊಸರನ್ನ. ಅವರಪ್ಪಂಗೆ ಹೇಳಿದ್ರೆ ಚರ್ಮ ಸುಲೀತಾರೆ, ಅವರೇ ದಿನಾ ಎಲೆ-ಅಡಿಕೆ ಕವಳ ಹಾಕ್ತಾರೆ, ನಾವು ಬದುಕಿರೋದೇ ಅಡಿಕೆಯಲ್ಲಿ. ಯಾವ ಬಾಯಲ್ಲಿ ಬುದ್ಧಿ ಹೇಳ್ಲಿ?

ಅಕ್ಕಾ, ಸ್ಯಾಚೆಗಿಂತ ನಂಗೆ ಹೆದರಿಕೆ ಆಗಿದ್ದು ಆ ಉಪ್ಪಿನಕಾಯಿ ಮಾತು ಓದಿ. ಅಡಿಕೆ ಜಗಿದೂ ಜಗಿದೂ ಕೆನ್ನೆ ಒಳಗೆ ಬೆಳ್ಳಗೆ ಬಿಗಿಯಾಗಿ ಬರ್ತಾ ಬರ್ತಾ ಬಾಯಿ ತೆರೆಯೋದೇ ಕಮ್ಮಿ ಆಗೋ ಕಾಯಿಲೆ ಒಂದಿದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ಅದು ಹೆಚ್ಚಾಗಿ ಶುರುವಾಗೋದೇ ಖಾರ ತಿಂದ್ರೆ ಉರಿಯೋದ್ರಿಂದ. ಬಿಗಿದಿದ್ದು ಮೊದಲಿನಂಗೆ ಆಗೋದು ಕಷ್ಟ, ಕೆಲವರಿಗೆ ಮುಂದೆ ಕ್ಯಾನ್ಸರ್‌ಗೂ ತಿರುಗತ್ತೆ. ಅವನಿಗೆ ಅದೇ ಆಗಿದೆ ಅಂತಲ್ಲ, ಬರೀ ಬಾಯಿಹುಣ್ಣೂ ಇರಬಹುದು. ಅವನದೇ ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಮುಂದಿನ ಹಲ್ಲುಗಳ ಮಧ್ಯೆ ತೂರತ್ತಾ ನೋಡಿ, ತೂರಿದ್ರೂ ಹಲ್ಲಿನ ಡಾಕ್ಟ್ರಿಗೆ ಈ ವಾರವೇ ತೋರಿಸಿ.

ಅಡಿಕೆಗೆ ತಂಬಾಕು ಬೆರೆಸಿದ ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬ್ಯಾನ್ ಆಯ್ತು, ಅದಕ್ಕೇ ಅಡಿಕೆಯ ಪಾನ್ ಮಸಾಲ ಒಂದು ಸ್ಯಾಚೆ, ತಂಬಾಕು ಒಂದು ಸ್ಯಾಚೆ ಮಾಡಿ ಮಾರ್ತಾರೆ, ಹುಡುಗ್ರು ಎರಡೂ ಬೆರೆಸಿ ಹಾಕ್ಕೊಳ್ತಾರೆ. ನಿಮಗೆ ಎರಡು ಸಿಕ್ಕಿದ್ದು ಬಹುಶಃ ಅದೇ.

ನಾನೂ ತೀರ್ಥಹಳ್ಳಿ ಸೀಮೆಯವಳು, ಅಡಿಕೆ ಮಾರಿದ ದುಡ್ಡಲ್ಲೇ ಓದಿದ್ದು, ನಿಮ್ಮ ಸಂಕಟ ಗೊತ್ತಾಗತ್ತೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋ ಪಟ್ಟಿಗೆ ಹಾಕಿದೆ. ಇದನ್ನ ಹೇಳಿದ್ರೆ ನಮ್ಮ ಕಡೆಯವರಿಗೆ ಸಿಟ್ಟು ಬರತ್ತೆ, ಬರಲಿ, ನಂಗೀಗ ನಿಮ್ಮ ಮಗ ಮುಖ್ಯ. ಯಾವ ಬಾಯಲ್ಲಿ ಅಂದ್ರಲ್ಲ, ಬೆಳೆದವರ ಬಾಯಲ್ಲೇ ಹೇಳಿ, ಹೊಟ್ಟೆಪಾಡಿಗೆ ಬೆಳೀತೀವಿ ಮಗಾ, ನೀನು ಬಾಯಿಗೆ ಹಾಕ್ಬೇಡ ಅಂತ.

ಅವರಪ್ಪಂಗೆ ಇವತ್ತೇ ಹೇಳ್ಬೇಡಿ, ಪೂರ್ತಿ ಮುಚ್ಚಿಡಲೂಬೇಡಿ. ಮೊದಲು ನೀವೊಬ್ರೇ ಮಾತಾಡಿ, ಸ್ಯಾಚೆ ಮುಖದ ಮುಂದೆ ಹಿಡೀದೆ, ಬಾಯಿ ಉರಿಯತ್ತಾ ಅಂತ ಶುರು ಮಾಡಿ. ಡಾಕ್ಟ್ರು ನೋಡಿದ ಮೇಲೆ ಯಜಮಾನ್ರಿಗೆ ಹೇಳಿ, ಹೊಡೆದ್ರೆ ಹುಡುಗ ಅಡಗಿಸಿ ತಿಂತಾನೆ ಅಷ್ಟೇ ಅಂತಲೂ ಹೇಳಿ. ಅವರೂ ಕವಳ ಬಿಟ್ರೆ ಅದಕ್ಕಿಂತ ದೊಡ್ಡ ಬುದ್ಧಿಮಾತು ಬೇರೆ ಬೇಕಾಗಲ್ಲ.

ಮೊಬೈಲು, ತಿಂಡಿ ಬೇರೆ ವಿಷಯ ಅನ್ಕೋಬೇಡಿ, ಎಲ್ಲ ಒಂದಕ್ಕೊಂದು ಗಂಟು ಬಿದ್ದಿದೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, 1ಕ್ಕೆ ಮಲಗಿ 6ಕ್ಕೆ ಎದ್ರೆ ಬರೀ 5, ಕ್ಲಾಸಲ್ಲಿ ತೂಕಡಿಕೆ, ಖಾಲಿ ಹೊಟ್ಟೆ, ಆಗ ತಂಬಾಕು ಹಾಕಿದ್ರೆ ನಿಕೋಟಿನ್ ಹಸಿವೂ ಸಾಯ್ಸತ್ತೆ, ತೂಕಡಿಕೆನೂ ಓಡ್ಸತ್ತೆ, ರಾತ್ರಿ ಮತ್ತೆ ನಿದ್ದೆ ಹತ್ತಲ್ಲ. ಬೆಣ್ಣೆ ಸವರಿದ ಅಕ್ಕಿ ರೊಟ್ಟಿ ಸುತ್ತಿ ಕೈಗೆ ಕೊಡಿ, ಬಸ್ಸಲ್ಲಿ ತಿನ್ಲಿ, ಚಟ್ನಿ ಸದ್ಯಕ್ಕೆ ಬೇಡ. ಮೊಬೈಲು 10ಕ್ಕೆ ಅಡುಗೆಮನೇಲಿ ಚಾರ್ಜಿಗಿರ್ಲಿ, ನಿಮ್ದೂ ಅಲ್ಲೇ ಇಡಿ.

ಬಿಟ್ಟ ಮೊದಲ ಎರಡು ವಾರ ರೇಗಾಡ್ತಾನೆ, ಸಹಿಸ್ಕೊಳ್ಳಿ, ಜೇಬಿಗೆ ಒಂದಿಷ್ಟು ಸೋಂಪು ಹಾಕಿ ಕಳ್ಸಿ. ತಂಬಾಕು ಬಿಡೋರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಅವನೇ ಫೋನ್ ಮಾಡ್ಲಿ, ಆ ಹೊತ್ತಲ್ಲಿ ನೀವು ಸುಮ್ನೆ ತೋಟದ ಕಡೆ ಹೋಗ್ಬನ್ನಿ.