ಇಂಗ್ಲಿಷಿನಲ್ಲಿ ಒರಟಾಗದೆ ಭಿನ್ನಾಭಿಪ್ರಾಯ ಹೇಳುವುದು

ಪ್ರಶ್ನೆ: ನಾನು ದಿನವೂ ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಯೊಂದಕ್ಕೆ ಹೋಗಿಬರುತ್ತೇನೆ. ಸಭೆಯಲ್ಲಿ ಮೇಲಧಿಕಾರಿಗಳು ಇಂಗ್ಲಿಷಿನಲ್ಲಿ ಹೇಳಿದ್ದು ಸರಿಯೆನಿಸದಿದ್ದರೂ, ನನ್ನ ಮಾತು ಒರಟಾಗಿ ಕೇಳಿಸೀತೆಂದು ಅಂಜಿ ಸುಮ್ಮನಿದ್ದುಬಿಡುತ್ತೇನೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸುಮ್ಮನಿದ್ದರೆ ನೀವು ಒಪ್ಪಿದ್ದೀರೆಂದೇ ಸಭೆಯಲ್ಲಿ ಎಣಿಸುತ್ತಾರೆ, ಆದ್ದರಿಂದ ದಯವಿಟ್ಟು ಮಾತನಾಡಿ. ಕನ್ನಡದಲ್ಲಿ ‘ನೀವು’, ‘ಹೇಳಿದಿರಿ’ ಎಂದಾಗಲೇ ಅರ್ಧ ಗೌರವ ಸಂದಿರುತ್ತದೆ. ಇಂಗ್ಲಿಷಿನಲ್ಲಿ ಹಿರಿಯರಿಗೂ ಕಿರಿಯರಿಗೂ ‘ಯೂ’ ಒಂದೇ ಆದ್ದರಿಂದ, ವಿನಯವನ್ನು ಇಡೀ ವಾಕ್ಯದಲ್ಲಿ ತೋರಿಸಬೇಕಾಗುತ್ತದೆ. ‘ಯೂ ಆರ್ ರಾಂಗ್, ಸರ್’ ಎಂದರೆ, ಕೊನೆಯಲ್ಲಿ ‘ಸರ್’ ಇದ್ದರೂ ಮಾತು ವ್ಯಕ್ತಿಗೇ ತಗಲುತ್ತದೆ.

15ನೇ ತಾರೀಖಿಗೆ ಕೆಲಸ ಮುಗಿಸೋಣವೆಂದು ಅವರು ಹೇಳಿದರು, ನಿಮಗದು ಆಗದ ಮಾತೆನಿಸಿತು ಎನ್ನೋಣ. ಆಗ ‘ಐ ಸೀ ಯುವರ್ ಪಾಯಿಂಟ್, ಬಟ್ ಐ ಆಮ್ ನಾಟ್ ಶೂರ್ ವಿ ಕ್ಯಾನ್ ಫಿನಿಶ್ ಬೈ ದ ಫಿಫ್ಟೀನ್ತ್, ಬಿಕಾಸ್ ಟೆಸ್ಟಿಂಗ್ ಈಸ್ ಸ್ಟಿಲ್ ಪೆಂಡಿಂಗ್’ ಎನ್ನಿ. ಅವರ ಮಾತಿಗೆ ಕಿವಿಗೊಟ್ಟದ್ದು ಮೊದಲು ತಿಳಿಯಿತು, ಸಂದೇಹ ನಿಮ್ಮದೆಂದಾಯಿತು, ಕಾರಣ ಕೆಲಸಕ್ಕೆ ಸೇರಿದ್ದಾಯಿತು. ಇವುಗಳಲ್ಲಿ ಕಾರಣವೇ ಮುಖ್ಯವೆಂದು ನಾನು ನಂಬಿದ್ದೇನೆ. ಕಾರಣವಿಲ್ಲದ ನಯದ ಮಾತಿನಿಂದ ಯಾರ ನಿರ್ಧಾರವೂ ಬದಲಾಗುವುದಿಲ್ಲ. ಭಾಷಾವಿಜ್ಞಾನಿ ಜೆಫ್ರಿ ಲೀಚ್ 1983ರಲ್ಲಿ ಮಂಡಿಸಿದ ವಿನಯದ ಸೂತ್ರಗಳಲ್ಲಿ, ಭಿನ್ನಾಭಿಪ್ರಾಯವನ್ನು ತಗ್ಗಿಸಿ ಒಪ್ಪಿಗೆಯನ್ನು ಹೆಚ್ಚಿಸಬೇಕೆಂಬುದೂ ಒಂದು. ಹಾಗಾಗಿ ಒಪ್ಪುವಂಥ ಅಂಶವೇನಾದರೂ ಇದ್ದರೆ ಅದನ್ನು ಮೊದಲು ಹೇಳಿ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂಬುದನ್ನು ಮಾತ್ರ ಆದಷ್ಟು ದೂರವಿಡಿ; ಅದು ಗೌರವದ ಮಾತಾದರೂ, ಅನೇಕರಿಗೆ ಕಟುವಾದ ವಿರೋಧದ ಮುನ್ಸೂಚನೆಯಂತೆ ಕೇಳಿಸುತ್ತದೆ.

ಒಪ್ಪುವಾಗ ‘ಐ ಆಮ್ ಅಗ್ರೀ’ ತಪ್ಪು, ‘ಐ ಅಗ್ರೀ’ ಸಾಕು. ವ್ಯಕ್ತಿಯ ಅಭಿಪ್ರಾಯವನ್ನು ಒಪ್ಪಿದರೆ ‘ವಿತ್’, ಪ್ರಸ್ತಾವಕ್ಕೆ ಸಮ್ಮತಿಸಿದರೆ ‘ಟು’ ಸೇರಿಸಬೇಕು.

ನಮ್ಮವರು ಹೆಚ್ಚಾಗಿ ಎಡವುವುದು ‘ಇಲ್ಲ’ ಎಂಬ ಧಾಟಿಯ ಪ್ರಶ್ನೆಗಳಲ್ಲಿ. ‘ಯೂ ಹ್ಯಾವಂಟ್ ಸೆಂಟ್ ದ ರಿಪೋರ್ಟ್?’ ಎಂದು ಕೇಳಿದರೆ, ‘ಹೌದು, ಕಳಿಸಿಲ್ಲ’ ಎಂಬ ನಮ್ಮ ರೂಢಿಯಂತೆ ‘ಯೆಸ್’ ಎಂದು ನಿಲ್ಲಿಸುತ್ತೇವೆ. ಕೇಳಿದವರು ವರದಿ ಹೋಗಿದೆಯೆಂದುಕೊಳ್ಳಬಹುದು. ಅಲ್ಲಿ ‘ನೋ, ಐ ಹ್ಯಾವಂಟ್’ ಎನ್ನಬೇಕು. ‘ವುಡ್ ಯೂ ಮೈಂಡ್ ವೇಟಿಂಗ್?’ ಎಂಬುದಕ್ಕೂ ‘ಯೆಸ್’ ಎಂದರೆ ಕಾಯಲು ಒಪ್ಪಲಿಲ್ಲವೆಂದಾಗುತ್ತದೆ. ಒಪ್ಪಿಗೆಯಿದ್ದರೆ ‘ನಾಟ್ ಅಟ್ ಆಲ್’ ಎನ್ನಿ.